ಚಂದ್ರನಿಂದ ಬಂದ ಮಾತು, ಇಂಗ್ಲಿಷ್ ಕ್ಲಾಸಿಗೆ

‘ನಾನು ಬರಲ್ಲ ಅಂತ ಅವನು ಹೇಳಿದ.’ ಈ ವಾಕ್ಯ ಕೇಳಿ ಕನ್ನಡದವರು ಯಾರೂ ಗೊಂದಲಪಡುವುದಿಲ್ಲ. ಬರದೇ ಇರುವವನು ಅವನು, ಹೇಳುತ್ತಿರುವ ನಾನಲ್ಲ. ‘ಅಂತ’ ಎಂಬ ಪುಟ್ಟ ಪದವೊಂದು ಅವನ ಮಾತನ್ನು ಇದ್ದ ಹಾಗೇ ಎತ್ತಿ ನಮ್ಮ ಮುಂದೆ ಇಡುತ್ತದೆ.

ಇಂಗ್ಲಿಷಿನಲ್ಲಿ ಅದೇ ಅಭ್ಯಾಸ ಕೈಕೊಡುತ್ತದೆ. ‘ಹಿ ಸೆಡ್ ದಟ್ ಐ ವಿಲ್ ನಾಟ್ ಕಮ್’ ಎಂದರೆ ಬರದೇ ಇರುವವಳು ನಾನೇ ಆಗಿಬಿಡುತ್ತೇನೆ! ಒಬ್ಬರ ಮಾತನ್ನು ಇನ್ನೊಬ್ಬರಿಗೆ ವರದಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ರಿಪೋರ್ಟೆಡ್ ಸ್ಪೀಚ್ ಎನ್ನುತ್ತಾರೆ. ಅದರಲ್ಲಿ ಮಕ್ಕಳು ಮಾಡುವ ಎಷ್ಟೋ ತಪ್ಪುಗಳು ಇಲ್ಲಿಂದಲೇ ಬರುತ್ತವೆ. ಅವರು ಕನ್ನಡದ ನಿಯಮವನ್ನು ಸರಿಯಾಗಿಯೇ ಪಾಲಿಸುತ್ತಿರುತ್ತಾರೆ. ಇದನ್ನು ಪಾಠದ ಮೊದಲ ಐದು ನಿಮಿಷದಲ್ಲೇ ಅವರಿಗೆ ಹೇಳಿಬಿಡಿ. ‘ನನಗೆ ಗ್ರಾಮರ್ ಬರಲ್ಲ’ ಎಂಬ ಹೆದರಿಕೆ ಅರ್ಧ ಇಳಿಯುತ್ತದೆ.

‘ಈಸ್’ ಹೋಗಿ ‘ವಾಸ್’, ‘ವಿಲ್’ ಹೋಗಿ ‘ವುಡ್’ ಎಂಬ ಪಟ್ಟಿಯಿಂದ ನಾನೂ ಎಷ್ಟೋ ವರ್ಷ ಪಾಠ ಶುರು ಮಾಡುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯುತ್ತಿದ್ದರು. ಆದರೆ ಫೋನಿನಲ್ಲಿ ಗೆಳತಿ ಏನಂದಳು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲೇಬೇಕು ಎನ್ನುವ ಸಂದರ್ಭ ಕ್ಲಾಸಿನಲ್ಲಿ ಹುಟ್ಟಬೇಕು. ಅದನ್ನು ಹುಡುಕುವಾಗ ನನಗೆ ಸಿಕ್ಕಿದ್ದು, ಚಂದ್ರನತ್ತ ಹೋದ ಅಮೆರಿಕದ ಅಪೊಲೊ ನೌಕೆಗಳ ಗಗನಯಾತ್ರಿಗಳ ರೇಡಿಯೊ ಮಾತು.

ಮೂರು ಜನ, ಒಂದು ರೇಡಿಯೊ

ಚಂದ್ರ ನಮ್ಮಿಂದ ಸುಮಾರು 3.84 ಲಕ್ಷ ಕಿಲೋಮೀಟರ್ ದೂರ. ರೇಡಿಯೊ ಮಾತು ಅಲ್ಲಿಂದ ಇಲ್ಲಿಗೆ ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಮೆರಿಕದ ಹೂಸ್ಟನ್ ನಗರದ ಕಂಟ್ರೋಲ್ ರೂಮಿನಲ್ಲಿ ಎಷ್ಟೇ ಜನ ಇದ್ದರೂ, ಗಗನಯಾತ್ರಿಗಳ ಜತೆ ಸಾಮಾನ್ಯವಾಗಿ ಮಾತಾಡುತ್ತಿದ್ದದ್ದು ಒಬ್ಬರೇ. ಆ ಕೆಲಸದವರಿಗೆ ಕ್ಯಾಪ್‌ಕಾಮ್ ಎಂದು ಹೆಸರು.

ಕ್ಲಾಸಿನಲ್ಲಿ ಮೂವರ ಗುಂಪು ಮಾಡಿ. ಒಬ್ಬರು ಗಗನಯಾತ್ರಿ, ಒಬ್ಬರು ಕ್ಯಾಪ್‌ಕಾಮ್, ಒಬ್ಬರು ಪತ್ರಕರ್ತರು. ಗಗನಯಾತ್ರಿ ಚೀಟಿ ನೋಡಿಕೊಂಡು ಕ್ಯಾಪ್‌ಕಾಮ್ ಕಿವಿಯಲ್ಲಿ ಮಾತ್ರ ಹೇಳಬೇಕು. ಪತ್ರಕರ್ತ ನಾಲ್ಕು ಹೆಜ್ಜೆ ದೂರ ನಿಂತು ‘ವಾಟ್ ಡಿಡ್ ಹಿ ಸೇ?’ ಎಂದು ಕೇಳಬೇಕು. ಕ್ಯಾಪ್‌ಕಾಮ್ ಹೇಳಿದ್ದನ್ನು ಬರೆದುಕೊಳ್ಳಬೇಕು. ನಾಲ್ಕೈದು ಚೀಟಿಗೊಮ್ಮೆ ಪಾತ್ರ ಬದಲಾಗಲಿ.

ಚೀಟಿಗಳ ಸರದಿ

ಚೀಟಿಗಳನ್ನು ಸುಮ್ನೆ ಕಲಸಿ ಹಂಚಬೇಡಿ. ಸರದಿ ಮುಖ್ಯ. ಮೊದಲನೆಯದು 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಹೇಳಿದ್ದು: ‘ದಿ ಈಗಲ್ ಹ್ಯಾಸ್ ಲ್ಯಾಂಡೆಡ್.’ ಈಗಲ್ ಎಂದರೆ ಅವರು ಇಳಿದ ನೌಕೆಯ ಹೆಸರು. ಇದರಲ್ಲಿ ‘ಐ’ ಇಲ್ಲ, ‘ಯು’ ಇಲ್ಲ. ಬದಲಾಗಬೇಕಾದ್ದು ಟೆನ್ಸ್ ಒಂದೇ: ‘ಹಿ ಸೆಡ್ ದಟ್ ದಿ ಈಗಲ್ ಹ್ಯಾಡ್ ಲ್ಯಾಂಡೆಡ್.’

ಎರಡನೆಯದು ಅದಕ್ಕೆ ಹೂಸ್ಟನ್‌ನಿಂದ ಹೋದ ಉತ್ತರದ ತುಣುಕು: ‘ವಿ ಆರ್ ಬ್ರೀದಿಂಗ್ ಅಗೇನ್.’ ಇಳಿಯುವ ಹೊತ್ತಿಗೆ ನೌಕೆಯಲ್ಲಿ ಇಂಧನ ತೀರಾ ಕಡಿಮೆಯಾಗಿತ್ತು, ಕೆಳಗಿದ್ದವರು ಉಸಿರು ಬಿಗಿಹಿಡಿದು ಕೂತಿದ್ದರು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ‘ಹಿ ಸೆಡ್ ವಿ ವರ್ ಬ್ರೀದಿಂಗ್ ಅಗೇನ್’ ಎಂದಳು. ಪತ್ರಕರ್ತನಾಗಿದ್ದ ಹುಡುಗ ಪೆನ್ನು ನಿಲ್ಲಿಸಿ, ‘ವಿ ಅಂದ್ರೆ ನಾವಾ? ನಾನೂ ನೀನೂ ಯಾವಾಗ ಉಸಿರು ಬಿಗಿಹಿಡಿದ್ವಿ?’ ಎಂದ. ಅವಳು ಒಂದು ಕ್ಷಣ ಸುಮ್ಮನಾಗಿ ‘ದೇ! ದೇ ವರ್!’ ಎಂದು ಕೂಗಿದಳು. ನಾನು ಬಾಯಿ ತೆರೆಯಬೇಕಾಗಲೇ ಇಲ್ಲ. ಈ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಕೇಳುವವರಿಗೆ ಗೊಂದಲವಾಗುತ್ತದೆ, ಹೇಳುವವರು ತಾವೇ ತಿದ್ದಿಕೊಳ್ಳುತ್ತಾರೆ.

ಮೂರನೆಯದು ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಡುವ ಸ್ವಲ್ಪ ಮುಂಚಿನದು: ‘ಐ ಆಮ್ ಗೋಯಿಂಗ್ ಟು ಸ್ಟೆಪ್ ಆಫ್ ದಿ ಲೆಮ್ ನೌ.’ ಲೆಮ್ ಎಂದರೂ ಆ ಇಳಿಯುವ ನೌಕೆಯೇ. ಈಗ ಮೂರು ಕಡೆ ಕೈ ಹಾಕಬೇಕು. ‘ಐ’ ಹೋಗಿ ‘ಹಿ’, ‘ಆಮ್’ ಹೋಗಿ ‘ವಾಸ್’, ‘ನೌ’ ಹೋಗಿ ‘ದೆನ್’. ಮಾತಿನಲ್ಲಿ ಆ ‘ದೆನ್’ ಬಿಟ್ಟರೂ ನಡೆಯುತ್ತದೆ, ಅದಕ್ಕಾಗಿ ತಿದ್ದಲು ಹೋಗಬೇಡಿ.

ಬೋರ್ಡಿನ ಮೇಲೆ ಪಟ್ಟಿಯ ಬದಲು ಮೂರು ಪ್ರಶ್ನೆ ಬರೆದಿಡಿ. ಮಾತು ಯಾರದು? ಯಾವಾಗಿನದು? ಎಲ್ಲಿಂದ ಬಂತು? ಬದಲಾಗುವ ಪ್ರತಿ ಪದವೂ ಈ ಮೂರರಲ್ಲಿ ಒಂದಕ್ಕೆ ಉತ್ತರವಾಗಿರುತ್ತದೆ. ಅರ್ಧ ಗಂಟೆ ಆಡಿದ ಮೇಲೆ ಹಳೆಯ ಪಟ್ಟಿಯನ್ನು ಮಕ್ಕಳೇ ಬರೆದುಕೊಡುತ್ತಾರೆ.

‘ಕೇಳಿದ’ ಎಂಬ ಪದದ ತೊಡಕು

ಇನ್ನು ಪ್ರಶ್ನೆಗಳು. ಕನ್ನಡದಲ್ಲಿ ‘ಎಲ್ಲಿದ್ದೀಯ ಅಂತ ಕೇಳಿದ’ ಎಂದರೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಮಕ್ಕಳು ‘ಹಿ ಆಸ್ಕ್‌ಡ್ ವೇರ್ ವಾಸ್ ಐ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಗುಣ ಹೋಗಿ ಸಾದಾ ವಾಕ್ಯದ ಸಾಲು ಬರಬೇಕು: ‘ಹಿ ಆಸ್ಕ್‌ಡ್ ವೇರ್ ಐ ವಾಸ್.’ ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ನಡುವೆ ‘ಇಫ್’ ಸೇರುತ್ತದೆ. ‘ಕ್ಯಾನ್ ಯು ಹಿಯರ್ ಮಿ?’ ಎಂಬುದು ‘ಹಿ ಆಸ್ಕ್‌ಡ್ ಇಫ್ ಐ ಕುಡ್ ಹಿಯರ್ ಹಿಮ್’ ಆಗುತ್ತದೆ. ಇದಕ್ಕೆ ಪತ್ರಕರ್ತರೇ ಪ್ರಶ್ನೆ ಹಾಕಲಿ, ಕ್ಯಾಪ್‌ಕಾಮ್ ಅದನ್ನು ಗಗನಯಾತ್ರಿಗೆ ಮುಟ್ಟಿಸಲಿ. ಮಾತು ಹಿಂದಕ್ಕೆ ಹರಿಯುತ್ತದೆ, ಆಟಕ್ಕೆ ಹೊಸ ಜೀವ ಬರುತ್ತದೆ.

ನಮ್ಮ ‘ಹೇಳಿದ’ ಒಂದೇ. ಇಂಗ್ಲಿಷಿನಲ್ಲಿ ‘ಸೆಡ್’, ‘ಟೋಲ್ಡ್’ ಎರಡು. ಯಾರಿಗೆ ಹೇಳಿದ್ದು ಎಂಬುದು ಪಕ್ಕದಲ್ಲೇ ಇದ್ದರೆ ‘ಟೋಲ್ಡ್’: ‘ಹಿ ಟೋಲ್ಡ್ ಮಿ’. ಇಷ್ಟು ಸಾಕು.

ಟೆನ್ಸ್ ಬದಲಾಗಲೇಬೇಕು ಎಂದೂ ಹಟ ಬೇಡ. ಚಂದ್ರ ಭೂಮಿಯ ಸುತ್ತ ಸುತ್ತುತ್ತಾನೆ ಎಂಬ ಮಾತು ಇವತ್ತೂ ನಿಜ. ಆದ್ದರಿಂದ ‘ಶಿ ಸೆಡ್ ದಟ್ ದಿ ಮೂನ್ ಗೋಸ್ ರೌಂಡ್ ದಿ ಅರ್ತ್’ ಎಂದು ಬರೆದ ಮಗುವಿನ ಮಾರ್ಕ್ಸ್ ಕಡಿಯಬಾರದು. ‘ವೆಂಟ್’ ಎಂದರೂ ಸರಿಯೇ.

ಎರಡು ‘ಹ್ಯಾಡ್’

ಕೊನೆಯ ಚೀಟಿಗಳು ಅಪೊಲೊ 13ರವು. 1970ರ ಏಪ್ರಿಲ್ 13ರಂದು, ಚಂದ್ರನ ಹಾದಿಯಲ್ಲಿದ್ದಾಗ ಆಕ್ಸಿಜನ್ ಟ್ಯಾಂಕ್ ಸಿಡಿಯಿತು. ನೌಕೆಯಲ್ಲಿದ್ದ ಗಗನಯಾತ್ರಿ ಸ್ವೈಗರ್ಟ್ ರೇಡಿಯೊದಲ್ಲಿ ‘ವಿವ್ ಹ್ಯಾಡ್ ಎ ಪ್ರಾಬ್ಲಮ್ ಹಿಯರ್’ ಎಂದರು. ಹೂಸ್ಟನ್ ‘ಸೇ ಅಗೇನ್, ಪ್ಲೀಸ್’ ಎಂದಿತು. ಆಗ ಅವರ ಜತೆಗಿದ್ದ ಲವೆಲ್ ‘ಹೂಸ್ಟನ್, ವಿವ್ ಹ್ಯಾಡ್ ಎ ಪ್ರಾಬ್ಲಮ್’ ಎಂದರು.

ಈ ಮೂರು ಮಾತುಗಳಲ್ಲಿ ಇಡೀ ಪಾಠವಿದೆ. ನಡುವಿನದು ಕೋರಿಕೆ: ‘ಹೂಸ್ಟನ್ ಆಸ್ಕ್‌ಡ್ ದೆಮ್ ಟು ಸೇ ಇಟ್ ಅಗೇನ್.’ ಮೊದಲನೆಯದು ‘ಹಿ ಸೆಡ್ ದಟ್ ದೇ ಹ್ಯಾಡ್ ಹ್ಯಾಡ್ ಎ ಪ್ರಾಬ್ಲಮ್ ದೇರ್’ ಆಗುತ್ತದೆ. ‘ಹ್ಯಾಡ್’ ಎರಡು ಸಲ ಬಂದಾಗ ಮಕ್ಕಳು ಬೆಚ್ಚುತ್ತಾರೆ, ಒಂದನ್ನು ಅಳಿಸಲು ನೋಡುತ್ತಾರೆ. ಇಲ್ಲಿ ಅವಸರ ಮಾಡಬೇಡಿ. ಜನ ಈ ಮಾತನ್ನು ‘ವಿ ಹ್ಯಾವ್ ಎ ಪ್ರಾಬ್ಲಮ್’ ಎಂದೇ ನೆನಪಿಟ್ಟುಕೊಂಡಿದ್ದಾರೆ. ಎರಡನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯಿರಿ. ಜನರ ನೆನಪಿನ ಮಾತನ್ನು ವರದಿ ಮಾಡಿದರೆ ಒಂದೇ ‘ಹ್ಯಾಡ್’. ನಿಜವಾಗಿ ಆಡಿದ ಮಾತಿಗೆ ಎರಡು. ಮೊದಲ ‘ಹ್ಯಾಡ್’ ‘ವಿವ್’ನೊಳಗೆ ಅಡಗಿರುವ ‘ಹ್ಯಾವ್’ನ ಜಾಗದ್ದು, ಎರಡನೆಯದು ಮೊದಲಿಂದ ಅಲ್ಲೇ ಇದ್ದದ್ದು. ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ.

ಆ ನೌಕೆಯಲ್ಲಿದ್ದ ಮೂವರೂ ಏಪ್ರಿಲ್ 17ರಂದು ಜೀವಂತ ಮರಳಿದರು. ಮನೆಗೆಲಸಕ್ಕೆ ಮರುದಿನದ ಪತ್ರಿಕೆಯ ಸುದ್ದಿ ಬರೆಯಲು ಹೇಳಿ. ಹತ್ತು ಸಾಲು, ಅದರಲ್ಲಿ ಕನಿಷ್ಠ ಐದು ಬೇರೆಯವರ ಮಾತಿನ ವರದಿ ಇರಬೇಕು. ಕೆಂಪು ಪೆನ್ನು ತೆಗೆಯುವ ಮೊದಲು ಅದನ್ನು ಗುಂಪಿನಲ್ಲಿ ಜೋರಾಗಿ ಓದಿಸಿ. ಕೇಳುವವರಿಗೆ ‘ಯಾರು?’ ಎಂಬ ಅನುಮಾನ ಬಂದ ಕಡೆ ಬರೆದವರೇ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಕೊಳ್ಳಲಿ. ಮುಂದಿನ ಪಾಠ ಆ ಸುತ್ತುಗಳಿಂದಲೇ ಶುರುವಾಗಲಿ.