ಬೀಜ ಹೆಕ್ಕಲು ಕಲಿಯಿರಿ, ಜೀಪು ಆಮೇಲೆ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವುದು ಜೀಪಿನ ಬಗ್ಗೆ. ನಾನು ಗೋಣಿಚೀಲ ತೋರಿಸುತ್ತೇನೆ. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಮೂವತ್ತು ವರ್ಷ ನಾನು ಹೆಚ್ಚಾಗಿ ಹೊತ್ತದ್ದು ಅದನ್ನೇ.

ಮೊದಲು ತಾಯಿಮರಗಳನ್ನು, ಅಂದರೆ ಬೀಜ ಹೆಕ್ಕಲು ಯೋಗ್ಯವಾದ ಮರಗಳನ್ನು, ಗುರುತಿಸಿ. ಒಂದೇ ಮರದ ಬೀಜ ಸಾಲದು. ದೂರದೂರದ ಹತ್ತಾರು ಮರಗಳಿಂದ ಹೆಕ್ಕಿ. ಬಿದ್ದದ್ದರಲ್ಲಿ ಅರ್ಧವನ್ನಾದರೂ ಕಾಡಿಗೇ ಬಿಡಿ. ಹೊನ್ನೆಯ ರೆಕ್ಕೆಕಾಯಿಯನ್ನು ಬೇಸಿಗೆಯಲ್ಲಿ ಒಣಗಿಸಿಟ್ಟರೆ ಮಳೆಗಾಲದವರೆಗೆ ಕಾಯುತ್ತದೆ. ರಾಮಪತ್ರೆ, ಸಾಲುಧೂಪ ಕಾಯುವುದಿಲ್ಲ. ಅವುಗಳ ಬೀಜ ಒಣಗಿತೆಂದರೆ ಸತ್ತಿತು. ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಅಂದೇ, ಹೆಚ್ಚೆಂದರೆ ಮರುದಿನ, ನೆರಳಿನ ಮಡಿಯಲ್ಲಿ ಬಿತ್ತಿ. ಮೊದಲ ವರ್ಷ ನಾನು ರಾಮಪತ್ರೆಯನ್ನು ಅಡಿಕೆಯಂತೆ ಅಂಗಳದಲ್ಲಿ ಹರವಿದ್ದೆ. ಒಂದೂ ಮೊಳೆಯಲಿಲ್ಲ, ನರ್ಸರಿಯ ಹೆಂಗಸರು ಇಡೀ ಮಳೆಗಾಲ ನಕ್ಕರು.

ಉಪ್ಪಾಗೆ ಮರದ ಬೀಜದ್ದು ಬೇರೆಯೇ ಹಠ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಬೀಜದ ಗಟ್ಟಿ ಸಿಪ್ಪೆಯನ್ನು ಒಳತಿರುಳಿಗೆ ಗಾಯವಾಗದಂತೆ ಬಿಡಿಸಿದರೆ ಬೇಗ ಏಳುತ್ತದೆ. ಉಗುರು ನೋಯುವ ಕೆಲಸ, ಮಧ್ಯಾಹ್ನದ ಹರಟೆಗೆ ಹೇಳಿಮಾಡಿಸಿದ್ದು.

ಪದವಿ ಬೇಕೆನ್ನುವವರಿಗೆ ಶಿರಸಿಯಲ್ಲೂ ಪೊನ್ನಂಪೇಟೆಯಲ್ಲೂ ಅರಣ್ಯ ಕಾಲೇಜುಗಳಿವೆ. ಗಿಡದ ಊರಹೆಸರುಗಳನ್ನು ಮಾತ್ರ ಜೇನು ಕೊಯ್ಯುವವರ ಬೆನ್ನುಹತ್ತಿ ಕಲಿಯಬೇಕು.

ಹೊರದೇಶದ ಮರವಾದ ಅಕೇಶಿಯಾದ ಹಳೆಯ ತೋಪು ಸಿಕ್ಕರೆ ಒಮ್ಮೆಲೇ ಬೋಳಿಸಬೇಡಿ. ಮಂಡಿಯೂರಿ ತರಗೆಲೆ ಸರಿಸಿ ನೋಡಿ. ಹಕ್ಕಿ, ಪ್ರಾಣಿಗಳು ತಂದ ನೇರಳೆ, ಮುರುಗಲು ಆಗಲೇ ಮೊಳೆತಿದ್ದರೆ ಅವಕ್ಕೆ ಬೇಲಿ ಹಾಕಿ, ಮೇಲಿನ ಅಕೇಶಿಯಾವನ್ನು ಕಂತಿನಲ್ಲಿ ತೆಗೆಯಿರಿ.