ಗಜನಿಯನ್ನು ಮತ್ತೆ ಗದ್ದೆ ಮಾಡಿದ್ದು

ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ಕುಮಟಾ ತಾಲೂಕಿನಲ್ಲಿ ನಮ್ಮ ನೆಲ. ಉಪ್ಪುನೀರು ಹರಡುತ್ತಿದ್ದ ಜಾಗಕ್ಕೆ ಹಿರಿಯರು ಒಡ್ಡು ಹಾಕಿ ಗದ್ದೆ ಮಾಡಿದ್ದರು. ಇದಕ್ಕೆ ಗಜನಿ ಅಂತೇವೆ. ಒಡ್ಡು ಒಡೆದು ವರ್ಷಗಟ್ಟಲೆ ಹಾಳುಬಿದ್ದಿತ್ತು. ಅಕ್ಕಪಕ್ಕದವರು ಸೇರಿ ಮತ್ತೆ ಎಬ್ಬಿಸಿದೆವು.

ಅಮಾವಾಸ್ಯೆ, ಹುಣ್ಣಿಮೆಗೆ ಭರತ, ಅಂದರೆ ಕಡಲಿನ ಉಬ್ಬರ, ಜೋರು. ಅಷ್ಟಮಿ ಹೊತ್ತಿಗೆ ನೀರಿನ ಏರಿಳಿತ ಕಡಿಮೆ. ಹಾಗಾಗಿ ಒಡ್ಡು ಒಡೆದ ಬಾಯಿ ಮುಚ್ಚಲು ಅಷ್ಟಮಿಯನ್ನೇ ಹಿಡಿದೆವು. ಇಳಿತ ಶುರುವಾಗುತ್ತಿದ್ದಂತೆ ಗೂಟ ಹೊಡೆದು, ಚಿರೇಕಲ್ಲು ಪೇರಿಸಿ, ನಡುವೆ ಜಿಗುಟು ಮಣ್ಣು ತುಂಬಿ ತುಳಿದೆವು. ಮುಂದಿನ ಭರತದೊಳಗೆ ಕೆಲಸ ಮುಗಿಯಲೇಬೇಕು. ಬಾಯಿ ಕಿರಿದಾದಷ್ಟೂ ನೀರಿನ ಸೆಳೆತ ಜಾಸ್ತಿ, ಅರ್ಧಕ್ಕೆ ಬಿಟ್ಟರೆ ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ. ಹೊರಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಅಲೆಯ ಹೊಡೆತ ತಡೆಯುವುದು ಅವೇ.

ಒಡ್ಡು ಹಾಕಿದ ಮಾತ್ರಕ್ಕೆ ಗದ್ದೆ ಆಗುವುದಿಲ್ಲ. ಮಣ್ಣಿನ ಉಪ್ಪು ಹೋಗಬೇಕು, ಅದನ್ನು ತೊಳೆಯುವುದು ಮಳೆ. ಜೂನ್‌ನಲ್ಲಿ ಗದ್ದೆಯಲ್ಲಿ ನಿಂತ ಮಳೆನೀರನ್ನು ಪ್ರತಿ ಇಳಿತಕ್ಕೂ ಒಡ್ಡಿನಲ್ಲಿರುವ ಹಲಗೆ ಬಾಗಿಲು ತೆಗೆದು ಹೊಳೆಗೆ ಬಿಟ್ಟೆವು. ಭರತ ಬರುವ ಮುಂಚೆ ಹಲಗೆ ಇಳಿಸಿದೆವು. ರಾತ್ರಿಯಾದರೂ ಸರಿ, ಒಬ್ಬರು ಅಲ್ಲಿರಬೇಕು. ನನಗೆ ಮೊಳಕೆ ಬೀಜ ಚೆಲ್ಲುವ ತವಕ. ಗಜನಿಯಲ್ಲೇ ಮುಪ್ಪಾದ ಹಿರಿಯರೊಬ್ಬರು, "ತಮಾ, ನೀರು ನಾಲಿಗೆಗೆ ಸಪ್ಪೆ ಹತ್ಲಿ, ಆಮೇಲೆ ಬೀಜ" ಅಂದರು. ಹಾಗೇ ಕಾದೆವು.

ಬಿತ್ತಿದ್ದು ಕಗ್ಗ. ಉಪ್ಪು ತಾಳುವ ನಮ್ಮೂರ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರ ಹಾಕುವುದಿಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ದಂಟು ನೀರಿಗೇ ಬಿಡುತ್ತೇವೆ.

ಗೋವಾದ ಖಜಾನ್ ಗದ್ದೆಗಳದ್ದೂ ಹೆಚ್ಚುಕಮ್ಮಿ ಇದೇ ಕ್ರಮ. ಅಲ್ಲಿನ ಮಾನಸ್ ಎಂಬ ಮರದ ಬಾಗಿಲು ಭರತದ ನೀರು ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಕೇರಳದ ಕುಟ್ಟನಾಡಿನದು ಬೇರೆಯೇ ರೀತಿ. ಅಲ್ಲಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ನಾವು ಮಳೆಗಾಗಿ ಕಾದರೆ, ಅವರು ಮಳೆ ಮುಗಿದ ಮೇಲೆ ನೀರೆತ್ತಿ ಹೊರಹಾಕಿ ಬಿತ್ತುತ್ತಾರೆ. ಬೇಸಿಗೆಯ ಉಪ್ಪುನೀರಿಗೆ ತಣ್ಣೀರ್‌ಮುಕ್ಕಂನಲ್ಲಿ ದೊಡ್ಡ ಅಡ್ಡಗಟ್ಟೆಯೇ ಇದೆ. ಒಂದೇ ಪಡುವಣ ಕಡಲು, ಆದರೆ ಹಂಗಾಮು ತಿರುವುಮುರುವು! ಹಾಗಾಗಿ ಅಲ್ಲಿಯ ಪಂಪು, ಕಟ್ಟೆ ನೋಡಿ ಇಲ್ಲೂ ಹಾಗೇ ಮಾಡೋಣ ಎಂದರೆ ನಾನು ಒಪ್ಪುವುದಿಲ್ಲ. ನಮಗೆ ಮಳೆ, ಇಳಿತ, ಬಾಗಿಲು ಸಾಕು.

ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟು ಶೆಟ್ಲಿ (ಸೀಗಡಿ), ಮೀನು ಹಿಡಿಯುತ್ತೇವೆ. ಅದರಲ್ಲಿ ದುಡ್ಡು ಜಾಸ್ತಿ, ಸುಳ್ಳಲ್ಲ. ಅದಕ್ಕೇ ವರ್ಷವಿಡೀ ಉಪ್ಪುನೀರೇ ಇರಲಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಕೊಳೆಯುವ ಕಗ್ಗದ ದಂಟಿನಿಂದಲೇ ಶೆಟ್ಲಿಗೆ ಮೇವು ಸಿಗುವುದು, ಅಲ್ವಾ? ಗಜನಿಯವರ ಸಭೆಯಲ್ಲಿ ಇದನ್ನೇ ಹೇಳಿದೆ. ಮೇ ಕೊನೆಗೆ ಉಪ್ಪುನೀರು ಖಾಲಿ ಮಾಡಬೇಕೆಂದು ಈ ಸಲ ತೀರ್ಮಾನವಾಗಿದೆ.