ತೋಳ ಬಂದಾಗಲೆಲ್ಲ ಗೇಮ್ ಮಾಯ: ಹಳೆ ಗೇಮ್‌ನ ಸೌಂಡ್ ಕ್ರ್ಯಾಶ್ ಹಿಡಿಯುವ ಬಗೆ

2006ರಲ್ಲಿ ಬಂದ ಆಬ್ಲಿವಿಯನ್ ಗೇಮನ್ನು ಹೊಸ ಕಂಪ್ಯೂಟರ್‌ಗೆ ಹಾಕಿಕೊಂಡು ಆಡಲು ಕೂತಿದ್ದೆ. ಊರು ಸುತ್ತಿದೆ, ಅಂಗಡಿಗೆ ಹೋದೆ, ಸಿಕ್ಕವರನ್ನೆಲ್ಲ ಮಾತಾಡಿಸಿದೆ. ಎಲ್ಲ ಸರಿಯಾಗಿತ್ತು. ಊರ ಹೊರಗೆ ಕಾಡಿನ ದಾರಿ ಹಿಡಿದೆ, ಒಂದು ತೋಳ ಓಡಿ ಬಂತು. ನಾನು ಕತ್ತಿ ಎತ್ತುವ ಮೊದಲೇ ಗೇಮ್ ಮಾಯ. ಕಣ್ಣೆದುರು ಡೆಸ್ಕ್‌ಟಾಪ್. ಎರರ್ ಮೆಸೇಜ್ ಕೂಡ ಇಲ್ಲ.

ಗ್ರಾಫಿಕ್ಸ್ ತೊಂದರೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ನೆರಳು ಆಫ್ ಮಾಡಿದೆ, ಹುಲ್ಲು ಕಡಿಮೆ ಮಾಡಿದೆ, ಡ್ರೈವರ್ ಬದಲಿಸಿದೆ. ಮೂರು ರಾತ್ರಿ ಹೀಗೇ ಹೋಯಿತು. ನಾಲ್ಕನೇ ದಿನ, ಗೇಮ್ ಇನ್ನೂ ಸ್ವಲ್ಪ ಹಗುರವಾಗಲಿ ಅಂತ ಸುಮ್ನೆ ಸಂಗೀತವನ್ನೂ ಆಫ್ ಮಾಡಿದೆ. ತೋಳ ಬಂತು. ಹೊಡೆದೆ. ಸತ್ತು ಬಿತ್ತು. ಗೇಮ್ ಹಾಗೇ ಓಡುತ್ತಿತ್ತು.

ಹಾಗಾಗಿ ಈಗ ಯಾವ ಹಳೆ ಗೇಮ್ ಬಿದ್ದರೂ ಮೊದಲು ಸೌಂಡ್ ಕಡೆ ನೋಡುತ್ತೇನೆ. ನಾನು ನೋಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ವಿಂಡೋಸ್ 10, 11ರಲ್ಲಿ ಹಳೆ ಗೇಮ್ ಆಡುವವರಿಗೆ.

ಮೊದಲು, ಯಾವ ಗಳಿಗೆಯಲ್ಲಿ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಿಜವಾಗಿಯೂ ಒಂದು ಕಾಗದದ ಮೇಲೆ. ಶುರುವಾಗುವಾಗಲೇ ಬೀಳುತ್ತದಾ? ಕಂಪನಿಯ ಲೋಗೋ ವಿಡಿಯೋ ಬರುವಾಗಲಾ? ಯಾರಾದರೂ ಮಾತಾಡಲು ಬಾಯಿ ತೆರೆದಾಗಲಾ? ಜಗಳ ಶುರುವಾದಾಗಲಾ? ನನ್ನ ಕಾಗದದಲ್ಲಿ ‘ತೋಳ, ತೋಳ, ಊರ ಬಾಗಿಲು, ಏಡಿ, ತೋಳ’ ಅಂತಿತ್ತು. ಊರ ಬಾಗಿಲಿನದ್ದನ್ನು ಲೋಡಿಂಗ್ ತೊಂದರೆ ಅಂತ ಪಕ್ಕಕ್ಕೆ ಇಟ್ಟಿದ್ದೆ. ಆದರೆ ಊರು ಬಿಟ್ಟು ಹೊರಬಿದ್ದಾಗಲೂ, ತೋಳ ಕಂಡಾಗಲೂ ಆ ಗೇಮ್ ಮಾಡುವ ಒಂದು ಕೆಲಸ ಇದೆ: ಬಾರಿಸುತ್ತಿದ್ದ ಹಾಡನ್ನು ನಡುವೆಯೇ ನಿಲ್ಲಿಸಿ ಬೇರೊಂದನ್ನು ತೆರೆಯುತ್ತದೆ.

ಎರಡನೆಯದು ಮೌನದ ಪರೀಕ್ಷೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೆ ಸಾಲದು. ಸ್ಲೈಡರ್ ಸೊನ್ನೆಯಲ್ಲಿದ್ದರೂ ಒಳಗೆ ಹಾಡು ಓಡುತ್ತಲೇ ಇರಬಹುದು. ಸೌಂಡ್ ಪೂರ್ತಿ ಬಂದ್ ಆಗಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಗೇಮ್‌ನ ಇನಿ ಫೈಲ್ (ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಫೈಲ್) ತೆರೆಯಿರಿ. ಆಬ್ಲಿವಿಯನ್‌ಗೆ ಅದು ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರ್‌ನಲ್ಲಿದೆ. ಆಡಿಯೋ ಅನ್ನುವ ವಿಭಾಗದಲ್ಲಿ ‘ಮ್ಯೂಸಿಕ್ ಎನೇಬಲ್ಡ್’ ಅಂತ ಒಂದು ಸಾಲು, ‘ಸೌಂಡ್ ಎನೇಬಲ್ಡ್’ ಅಂತ ಇನ್ನೊಂದು ಸಾಲು ಇವೆ. 1 ಇರುವುದನ್ನು 0 ಮಾಡಿ. ಎರಡನ್ನೂ ಒಟ್ಟಿಗೆ ಬೇಡ. ಮೊದಲು ಸಂಗೀತ, ಆಮೇಲೆ ಉಳಿದ ಸದ್ದು. ಯಾವುದನ್ನು ಆಫ್ ಮಾಡಿದಾಗ ಗೇಮ್ ಬೀಳದೆ ಓಡಿತೋ ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಫೈಲ್ ಮುಟ್ಟುವ ಮೊದಲು ಒಂದು ಕಾಪಿ ಇಟ್ಟುಕೊಳ್ಳಿ.

ಡಿವೈಸ್ ಮ್ಯಾನೇಜರ್‌ಗೆ ಹೋಗಿ ಸೌಂಡ್ ಡಿವೈಸನ್ನೇ ಡಿಸೇಬಲ್ ಮಾಡಿ ನೋಡು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಹಳೆ ಗೇಮ್‌ಗಳು ಸೌಂಡ್ ಡಿವೈಸ್ ಒಂದೂ ಇಲ್ಲದಿದ್ದರೆ ಅದೇ ಕಾರಣಕ್ಕೆ ಬೀಳುತ್ತವೆ. ಆಗ ನಿಮಗೆ ಎರಡು ಕ್ರ್ಯಾಶ್ ಸಿಕ್ಕಂತಾಯಿತು. ಇನ್ನೊಂದು ಗಮನಿಸಿ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಜ್ಯಾಕ್‌ಗೆ ಏನೂ ಚುಚ್ಚದಿದ್ದರೆ ಡ್ರೈವರ್ ಆ ಡಿವೈಸನ್ನೇ ಮರೆಮಾಡುತ್ತದೆ. ಗೇಮ್ ಶುರುವಿನಲ್ಲೇ ಬೀಳುತ್ತಿದ್ದರೆ ಒಂದು ಹೆಡ್‌ಫೋನ್ ಚುಚ್ಚಿ ನೋಡಿ. ಅಷ್ಟಕ್ಕೇ ಸರಿಹೋಗಿದ್ದನ್ನು ನೋಡಿದ್ದೇನೆ.

ಮೂರನೆಯದು ಇವೆಂಟ್ ವ್ಯೂವರ್, ಅಂದರೆ ವಿಂಡೋಸ್ ಬರೆದಿಟ್ಟುಕೊಳ್ಳುವ ಲಾಗ್ (ದಾಖಲೆ) ತೋರಿಸುವ ಪ್ರೋಗ್ರಾಂ. ಹೆಚ್ಚಿನವರು ಇದನ್ನು ತೆರೆದೇ ನೋಡುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಗೇಮ್ ಬಿದ್ದ ಹೊತ್ತಿಗೆ ಕೆಂಪು ಗುರುತಿನ, 1000 ನಂಬರಿನ ಒಂದು ಸಾಲು ಇರುತ್ತದೆ. ಅದನ್ನು ಒತ್ತಿ. ‘ಫಾಲ್ಟಿಂಗ್ ಅಪ್ಲಿಕೇಶನ್’ ಅಂತ ಗೇಮ್ ಹೆಸರು ಇರುತ್ತದೆ, ಅದು ಗೊತ್ತಿದ್ದದ್ದೇ. ಅದರ ಕೆಳಗಿನ ‘ಫಾಲ್ಟಿಂಗ್ ಮಾಡ್ಯೂಲ್’, ಅಂದರೆ ಎಡವಿದ ಫೈಲ್‌ನ ಹೆಸರು, ನಮಗೆ ಬೇಕಾದದ್ದು. ಅಲ್ಲಿ ಡಿಸೌಂಡ್ ಅಂತಿದ್ದರೆ ಡೈರೆಕ್ಟ್‌ಸೌಂಡ್, ಗೇಮ್‌ಗಳು ಸದ್ದು ಹೊರಡಿಸಲು ಬಳಸುವ ವಿಂಡೋಸ್‌ನ ಭಾಗ. ಕ್ವಾರ್ಟ್ಸ್ ಅಂತಿದ್ದರೆ ಡೈರೆಕ್ಟ್‌ಶೋ, ಹಾಡು, ವಿಡಿಯೋ ಫೈಲ್ ಓಡಿಸುವ ವಿಂಡೋಸ್‌ನ ಭಾಗ. ಎಂಎಸ್‌ಎಸ್32 ಅಂತಿದ್ದರೆ ಗೇಮ್ ಜೊತೆಗೇ ಬಂದ ಮೈಲ್ಸ್ ಸೌಂಡ್ ಸಿಸ್ಟಮ್. ಓಪನ್‌ಎಎಲ್32, ಎಕ್ಸ್‌ಆಡಿಯೋ2 ಅಂತಿದ್ದರೆ ಅದೇ ಹೆಸರಿನ ಸೌಂಡ್ ಸಾಫ್ಟ್‌ವೇರ್‌ಗಳು. ಗೇಮ್‌ನ ಹೆಸರೇ ಎರಡೂ ಕಡೆ ಇದ್ದರೆ ಸುಳಿವು ಸಿಗಲಿಲ್ಲ ಅಂತಷ್ಟೇ ಅರ್ಥ. ಸೌಂಡ್ ತಪ್ಪಲ್ಲ ಅಂತ ಅಲ್ಲ.

ನನ್ನ ಲಾಗ್‌ನಲ್ಲಿ ಗೇಮ್‌ಗೂ ವಿಂಡೋಸ್‌ಗೂ ಸೇರದ ಒಂದು ಹೆಸರಿತ್ತು. ಹಿಂದೆ ಯಾವುದೋ ವಿಡಿಯೋ ಓಡುತ್ತಿಲ್ಲ ಅಂತ ಹಾಕಿಕೊಂಡಿದ್ದ ಒಂದು ಕೋಡೆಕ್ ಪ್ಯಾಕ್‌ನ (ವಿಡಿಯೋ, ಆಡಿಯೋ ಫೈಲ್ ಬಿಚ್ಚುವ ಡಿಕೋಡರ್‌ಗಳ ಕಟ್ಟು) ಫೈಲ್ ಅದು. ವಿಡಿಯೋಗೆ ಹಾಕಿದ್ದು ಗೇಮ್ ಒಳಗೆ ಹೇಗೆ ಬಂತು?

ಆಬ್ಲಿವಿಯನ್ ತನ್ನ ಸಂಗೀತವನ್ನು ಮಾಮೂಲಿ ಎಂಪಿ3 ಫೈಲ್‌ಗಳಾಗಿ ಇಟ್ಟುಕೊಂಡಿದೆ. ಡೇಟಾ ಫೋಲ್ಡರ್ ಒಳಗೆ ಮ್ಯೂಸಿಕ್, ಅದರೊಳಗೆ ಎಕ್ಸ್‌ಪ್ಲೋರ್, ಪಬ್ಲಿಕ್, ಡಂಜನ್, ಬ್ಯಾಟಲ್, ಸ್ಪೆಷಲ್. ಊರಲ್ಲಿದ್ದರೆ ಪಬ್ಲಿಕ್‌ನಿಂದ, ಕಾಡಲ್ಲಿದ್ದರೆ ಎಕ್ಸ್‌ಪ್ಲೋರ್‌ನಿಂದ, ತೋಳ ಕಂಡರೆ ಬ್ಯಾಟಲ್‌ನಿಂದ ಒಂದು ಹಾಡು ತೆಗೆಯುತ್ತದೆ. ಎಂಪಿ3 ಬಿಚ್ಚುವ ಕೆಲಸವನ್ನು ಗೇಮ್ ತಾನೇ ಮಾಡುವುದಿಲ್ಲ, ವಿಂಡೋಸ್‌ನ ಡೈರೆಕ್ಟ್‌ಶೋಗೆ ಒಪ್ಪಿಸುತ್ತದೆ. ಡೈರೆಕ್ಟ್‌ಶೋ ಬಳಿ ಡಿಕೋಡರ್‌ಗಳ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ‘ಮೆರಿಟ್’ ಅಂತ ಒಂದು ಅಂಕಿ. ಜಾಸ್ತಿ ಮೆರಿಟ್ ಇರುವವರಿಗೆ ಮೊದಲ ಕರೆ. ಕೋಡೆಕ್ ಪ್ಯಾಕ್ ತನ್ನದನ್ನು ಸಾಲಿನ ಮುಂದೆ ನಿಲ್ಲಿಸಿಕೊಂಡಿತ್ತು. ಅದು ಬಂದು ಕೂರುವುದು ಗೇಮ್‌ನ ಪ್ರೋಸೆಸ್ ಒಳಗೇ. ಅದು ಎಡವಿದರೆ ಗೇಮನ್ನೂ ಎಳೆದುಕೊಂಡೇ ಬೀಳುತ್ತದೆ.

ಬಗೆಹರಿಸಲು ಎರಡು ದಾರಿ. ಕೋಡೆಕ್ ಪ್ಯಾಕನ್ನೇ ತೆಗೆದುಹಾಕುವುದು ಸುಲಭದ್ದು. ಈಗಿನ ವಿಡಿಯೋ ಪ್ಲೇಯರ್‌ಗಳು ಡಿಕೋಡರ್‌ಗಳನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ, ಹಾಗಾಗಿ ಏನೂ ಕಳೆದುಕೊಳ್ಳುವುದಿಲ್ಲ. ತೆಗೆಯಲು ಮನಸ್ಸಿಲ್ಲದಿದ್ದರೆ ಎಫ್‌ಎಫ್‌ಡಿಶೋ ಥರದ ಡಿಕೋಡರ್‌ಗಳಲ್ಲಿ ಡೈರೆಕ್ಟ್‌ಶೋ ಕಂಟ್ರೋಲ್ ಅನ್ನುವ ಪುಟ ಇರುತ್ತದೆ. ಯಾವ ಪ್ರೋಗ್ರಾಂಗಳಲ್ಲಿ ತಾನು ತಲೆ ಹಾಕಬಾರದು ಅನ್ನುವ ಪಟ್ಟಿ ಅಲ್ಲಿದೆ. ಗೇಮ್ ಶುರು ಮಾಡುವ ಎಕ್ಸಿ (.exe) ಫೈಲ್‌ನ ಹೆಸರು ಅದರಲ್ಲಿ ಸೇರಿಸಿ. ಆಡಿಯೋ ಡಿಕೋಡರ್‌ಗೆ ಬೇರೆ, ವಿಡಿಯೋ ಡಿಕೋಡರ್‌ಗೆ ಬೇರೆ ಸೆಟ್ಟಿಂಗ್ಸ್ ಇರುತ್ತವೆ. ನಾನು ಮೊದಲು ವಿಡಿಯೋದಲ್ಲಿ ಸೇರಿಸಿ, ಮತ್ತೊಮ್ಮೆ ತೋಳದ ಕೈಗೆ ಸಿಕ್ಕಿದೆ. ವಿಂಡೋಸ್‌ನ ಎನ್ ಆವೃತ್ತಿ ಇರುವವರಿಗೆ ಇದರ ಉಲ್ಟಾ ತೊಂದರೆ. ಅದರಲ್ಲಿ ಮೀಡಿಯಾ ಭಾಗಗಳೇ ಇರುವುದಿಲ್ಲ, ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬೇಕು.

ಲಾಗ್‌ನಲ್ಲಿ ಡಿಸೌಂಡ್ ಬಂದರೆ ಕತೆ ಬೇರೆ. ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಗೇಮ್‌ಗಳು ಡೈರೆಕ್ಟ್‌ಸೌಂಡ್ ಮೂಲಕ ಸೌಂಡ್ ಕಾರ್ಡ್‌ನ ಚಿಪ್ಪನ್ನೇ ನೇರವಾಗಿ ಕೆಲಸಕ್ಕೆ ಹಚ್ಚುತ್ತಿದ್ದವು. ಗುಹೆಯ ಪ್ರತಿಧ್ವನಿ, ಗೋಡೆಯಾಚೆಯ ಮಂದ ದನಿ ಇವಕ್ಕೆಲ್ಲ ಕ್ರಿಯೇಟಿವ್ ಕಂಪನಿಯ ಇಎಎಕ್ಸ್ ಇತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಆ ನೇರ ದಾರಿ ಮುಚ್ಚಿತು. ಈಗ ಡೈರೆಕ್ಟ್‌ಸೌಂಡ್ ಇದೆ, ಆದರೆ ಎಲ್ಲ ಸಾಫ್ಟ್‌ವೇರ್‌ನಲ್ಲೇ. ಗೇಮ್ ‘ಹಾರ್ಡ್‌ವೇರ್ ಬಫರ್ (ಸದ್ದು ಇಡಲು ಕಾರ್ಡ್‌ನಲ್ಲೇ ಇರುವ ಜಾಗ) ಎಷ್ಟಿವೆ?’ ಅಂತ ಕೇಳಿದರೆ ‘ಸೊನ್ನೆ’ ಅನ್ನುವ ಉತ್ತರ ಬರುತ್ತದೆ. ಒಳ್ಳೆಯ ಗೇಮ್ ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತದೆ. ಕೆಲವು ಆ ಉತ್ತರ ಬರಬಹುದು ಅಂತ ಯೋಚಿಸಿಯೇ ಇರಲಿಲ್ಲ. ಮೊದಲು ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಎಎಕ್ಸ್, ‘ಹಾರ್ಡ್‌ವೇರ್ ಆಕ್ಸಲರೇಶನ್’, ‘3ಡಿ ಆಡಿಯೋ’ ಮೂರನ್ನೂ ಆಫ್ ಮಾಡಿ. ಅಷ್ಟರಲ್ಲೇ ಸರಿಹೋಗುವ ಸಂಭವ ಜಾಸ್ತಿ. ಇಎಎಕ್ಸ್ ಬೇಕೇ ಬೇಕು ಅನ್ನುವವರಿಗೆ ಡಿಎಸ್‌ಒಎಎಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರ ಡಿಎಲ್‌ಎಲ್ ಫೈಲ್‌ಗಳನ್ನು (ಪ್ರೋಗ್ರಾಂ ಓಡುವಾಗ ಕರೆದು ಬಳಸುವ ಸಹಾಯಕ ಫೈಲ್‌ಗಳು) ಗೇಮ್‌ನ ಎಕ್ಸಿ ಇರುವ ಫೋಲ್ಡರ್‌ಗೇ ಹಾಕಬೇಕು. ಹಳೆ ಗೇಮ್‌ಗಳು ಹೆಚ್ಚಾಗಿ 32 ಬಿಟ್, ಆದ್ದರಿಂದ 32 ಬಿಟ್‌ನದ್ದನ್ನೇ ಆರಿಸಿ. ಇದು ಡೈರೆಕ್ಟ್‌ಸೌಂಡ್ ಮಾತನ್ನು ಓಪನ್‌ಎಎಲ್ ಮಾತಿಗೆ ತಿರುಗಿಸಿ ಹೇಳುತ್ತದೆ. ಬೇಡ ಅನಿಸಿದರೆ ಆ ಫೈಲ್‌ಗಳನ್ನು ಅಳಿಸಿ, ಮುಗಿಯಿತು.

ಓಪನ್‌ಎಎಲ್ ಬಳಸುವ ಎಷ್ಟೋ ಗೇಮ್‌ಗಳು ತಮ್ಮ ಫೋಲ್ಡರ್‌ನಲ್ಲೇ ಅದರ ಹಳೆ ಡಿಎಲ್‌ಎಲ್ ಇಟ್ಟುಕೊಂಡಿರುತ್ತವೆ. ಅದರ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಅದರ ಹೊಸ ಉಚಿತ ರೂಪವಾದ ಓಪನ್‌ಎಎಲ್ ಸಾಫ್ಟ್‌ನ ಫೈಲಿಗೆ ಅದೇ ಹೆಸರು ಕೊಟ್ಟು ಅಲ್ಲಿಡಿ. ಎಕ್ಸ್‌ಆಡಿಯೋ ಅಥವಾ ಎಕ್ಸ್3ಡಿಆಡಿಯೋ ಕಾಣೆಯಾಗಿದೆ ಅಂತ ಬಂದರೆ ಮೈಕ್ರೋಸಾಫ್ಟ್‌ನ 2010ರ ಜೂನ್ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿ. ‘ನನ್ನಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ’ ಅನ್ನಬೇಡಿ. ಹೊಸದರಲ್ಲಿ ಆ ಹಳೆ ಫೈಲ್‌ಗಳು ಇರುವುದಿಲ್ಲ, ಮತ್ತು ಹಳೆಯದನ್ನು ಹಾಕಿದರೆ ಹೊಸದು ಕೆಡುವುದೂ ಇಲ್ಲ.

ಎಂಎಸ್‌ಎಸ್32 ಬಗ್ಗೆ ಒಂದೇ ಮಾತು: ಸಿಕ್ಕಸಿಕ್ಕ ಕಡೆಯಿಂದ ಆ ಡಿಎಲ್‌ಎಲ್ ಇಳಿಸಿಕೊಂಡು ಸಿಸ್ಟಮ್ ಫೋಲ್ಡರ್‌ಗೆ ತುರುಕಬೇಡಿ. ಎಲ್ಲ ಗೇಮ್‌ಗಳದ್ದೂ ಒಂದೇ ಆವೃತ್ತಿ ಅಲ್ಲ. ಗೇಮ್ ಫೈಲ್‌ಗಳನ್ನು ವೆರಿಫೈ ಮಾಡಿ, ಇಲ್ಲವೇ ಮತ್ತೆ ಇನ್‌ಸ್ಟಾಲ್ ಮಾಡಿ.

ಲಾಗ್‌ನಲ್ಲಿ ಏನೂ ಸಿಗದವರು ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ‘ಚೇಂಜ್ ಸಿಸ್ಟಮ್ ಸೌಂಡ್ಸ್’ ಅಂತ ಹುಡುಕಿದರೆ ಹಳೆ ಕಾಲದ ಪುಟ್ಟ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್‌ಗೆ ಹೋಗಿ ನಿಮ್ಮ ಸ್ಪೀಕರ್ ಆರಿಸಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ 24 ಬಿಟ್, 192000 ಹರ್ಟ್ಸ್ ಅಂತ ಇದ್ದರೆ 16 ಬಿಟ್, 44100 ಹರ್ಟ್ಸ್‌ಗೆ ಇಳಿಸಿ. ಸಿಡಿಯ ಗುಣಮಟ್ಟ ಅದು, ಹಳೆ ಗೇಮ್‌ಗೆ ಸಾಕು. ಎನ್‌ಹ್ಯಾನ್ಸ್‌ಮೆಂಟ್ಸ್ ಮತ್ತು ಸ್ಪೇಶಿಯಲ್ ಸೌಂಡ್ ಆಫ್. ಕಾನ್ಫಿಗರ್ ಒತ್ತಿ 7.1 ಅಂತಿದ್ದರೆ ಸ್ಟೀರಿಯೋ ಮಾಡಿ. ಒಂದೊಂದನ್ನೇ ಬದಲಿಸಿ, ಪ್ರತಿ ಸಲ ಗೇಮ್ ಓಡಿಸಿ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಮತ್ತೆ ಮೊದಲಿಂದ ಶುರು.

ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಗೇಮ್ ಆದರೆ ಡಾಸ್‌ಬಾಕ್ಸ್‌ನಲ್ಲಿ (ಹಳೆ ಡಾಸ್ ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್) ಗೇಮ್‌ನ ಸೆಟಪ್ ಓಡಿಸಿ ಸೌಂಡ್ ಬ್ಲಾಸ್ಟರ್ 16 ಆರಿಸಿ: ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1. ಗೇಮ್ ಐಆರ್‌ಕ್ಯೂ 5 ಅಂತ ತಾನೇ ಊಹಿಸಿಕೊಂಡರೆ ಸದ್ದು ಬರುವುದಿಲ್ಲ, ಇಲ್ಲವೇ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ.

ಕೊನೆಯದಾಗಿ ನನ್ನ ತಮ್ಮನದ್ದು. ಅವನ ಗೇಮ್ ಶುರುವಾಗುತ್ತದೆ, ಗಂಟೆಗಟ್ಟಲೆ ಓಡುತ್ತದೆ, ಊಟ ಮುಗಿಸಿ ಬಂದು ನೋಡಿದರೆ ಸತ್ತಿರುತ್ತದೆ.

“ಅಣ್ಣಾ, ಪಾಜ್ ಮಾಡಿ ಹೋದ್ರೂ ಬೀಳುತ್ತಲ್ಲೋ!”

“ಸ್ಪೀಕರ್ ಎಲ್ಲಿಗೆ ಚುಚ್ಚಿದ್ದೀಯ?”

“ಮಾನಿಟರ್‌ಗೆ.”

ಕಂಪ್ಯೂಟರ್‌ನಿಂದ ಎಚ್‌ಡಿಎಂಐ ಕೇಬಲ್‌ನಲ್ಲಿ ಸದ್ದು ಮಾನಿಟರ್‌ಗೆ ಹೋಗಿ ಅಲ್ಲಿಂದ ಸ್ಪೀಕರ್‌ಗೆ ಬರುತ್ತಿತ್ತು. ಅವನು ಊಟಕ್ಕೆ ಹೋದಾಗ ಮಾನಿಟರ್ ನಿದ್ದೆಗೆ ಜಾರುತ್ತಿತ್ತು. ಜೊತೆಗೆ ವಿಂಡೋಸ್‌ನ ಪಟ್ಟಿಯಿಂದ ಸೌಂಡ್ ಡಿವೈಸ್ ಕೂಡ ಕಾಣೆ. ಗೇಮ್ ಹಿಡಿದುಕೊಂಡಿದ್ದ ಡಿವೈಸೇ ಇಲ್ಲ ಅಂದರೆ ಅದು ಇನ್ನೇನು ಮಾಡೀತು? ಆಟದ ನಡುವೆ ಬ್ಲೂಟೂತ್ ಹೆಡ್‌ಸೆಟ್‌ನ ಬ್ಯಾಟರಿ ಮುಗಿದರೂ ಇದೇ ಗತಿ. ಸ್ಪೀಕರ್ ವೈರನ್ನು ಕಂಪ್ಯೂಟರ್‌ನ ಹಸಿರು ಜ್ಯಾಕ್‌ಗೆ ಹಾಕಿ, ಅದನ್ನೇ ಡೀಫಾಲ್ಟ್ ಮಾಡು ಅಂದೆ. ಮಾರನೇ ದಿನ ಮೆಸೇಜ್ ಬಂತು: “ಊಟ ಆಯ್ತು. ಗೇಮ್ ಇದೆ.”